ಕಾದಾಡುವ ಪಡೆಗಳು

ಬರ್ಲಿಂಗ್ಟನ್, ಅಯೋವಾ
14 ಸೆಪ್ಟೆಂಬರ್ 2007

ಅಮ್ಮಾ,

ಫೋನ್ ಬೇಡ ಎಂದವಳು ನೀನೇ. ಸರಿಯಾಗೇ ಹೇಳಿದೆ. ಫೋನಿನಲ್ಲಿ ನಾವು ಮೊದಲು ಹವಾಮಾನ ಮಾತಾಡುತ್ತೇವೆ, ಆಮೇಲೆ ಕೂಗಾಡುತ್ತೇವೆ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ಬಾಯಿ ಹಾಕುವಂತಿಲ್ಲ.

ಕಾಲೇಜು ಬಿಟ್ಟು ಬಂದೆ ಎಂದು ನಿನಗಿನ್ನೂ ಸಿಟ್ಟು. ಕಾಲೇಜಿನಲ್ಲಿ ಎರಡು ವರ್ಷ ಕೂತು ಕಲಿಯದ್ದನ್ನು ಇಲ್ಲಿ ಎರಡು ತಿಂಗಳಲ್ಲಿ ಕಲಿತಿದ್ದೇನೆ. ನಮ್ಮ ಚುನಾವಣಾ ಪ್ರಚಾರದ ಕಚೇರಿ ಮೊದಲು ಬೂಟಿನ ಅಂಗಡಿಯಾಗಿತ್ತು. ಈಗಲೂ ಚರ್ಮದ ವಾಸನೆ ಹೊಡೆಯುತ್ತದೆ. ಗೋಡೆಯುದ್ದಕ್ಕೂ ಕರಪತ್ರಗಳು, ಯುದ್ಧದ ಮೇಲೆ, ವಿಮೆಯ ಮೇಲೆ, ತೈಲದ ಮೇಲೆ. ಎಲ್ಲವನ್ನೂ ಓದಿದ್ದೇನೆ, ಕೆಲವು ಬಾಯಿಪಾಠ.

ಸೆನೆಟರ್ ಪೆಲ್ಹಮ್ ಹೇಳುವುದು ಮೂರೇ ಮಾತು. ಒಂದು, ಅಧ್ಯಕ್ಷನಾದ ಆರು ತಿಂಗಳೊಳಗೆ ಇರಾಕಿನಿಂದ ಕೊನೆಯ ಸೈನಿಕನವರೆಗೆ ಎಲ್ಲರೂ ಮನೆಗೆ. ಎರಡು, ಈ ದೇಶದಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಚಿಕಿತ್ಸೆ, ಬಿಲ್ ಇಲ್ಲದೆ. ಮೂರು, ಭದ್ರತೆ ಎಂದರೆ ಬಾಂಬಲ್ಲ. ಕಾಯಿಲೆ ಬಿದ್ದರೆ ಮನೆ ಮಾರಬೇಕಾಗದಿರುವುದೇ ಭದ್ರತೆ. ಅಮ್ಮಾ, ಉಳಿದ ಯಾವ ಅಭ್ಯರ್ಥಿ ಹೀಗೆ ಬಿಡಿಸಿ ಹೇಳುತ್ತಾನೆ? ಎಲ್ಲರೂ ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡವರ ಹಾಗೆ ಮಾತಾಡುತ್ತಾರೆ.

ಒಂದು ಕೇಳುತ್ತೇನೆ, ತಕ್ಷಣ ಇಲ್ಲ ಅನ್ನಬೇಡ. ಅಕ್ಟೋಬರಿನಲ್ಲಿ ಸೆನೆಟರ್ ನಮ್ಮ ಕಡೆಗೂ ಬರುತ್ತಾರೆ. ಆಗ ಅಣ್ಣ ಲೈಲ್ ಅವರ ಪಕ್ಕ ವೇದಿಕೆ ಮೇಲೆ ನಿಲ್ಲಲಿ. ಮಾತಾಡಬೇಕಿಲ್ಲ. ನಿಂತರೆ ಸಾಕು. ಇರಾಕಿನಿಂದ ತಲೆನೋವು ಹೊತ್ತು ಬಂದ ಹುಡುಗ ನಮ್ಮೂರವನೇ ಎಂದು ಜನ ನೋಡಲಿ.

ನಿನ್ನ
ಸಿಗ್ನಿ


ಹಾಲ್ಸೆತ್, ಅಯೋವಾ
26 ಸೆಪ್ಟೆಂಬರ್ 2007

ಸಿಗ್ನಿ,

ಇಲ್ಲ. ತಕ್ಷಣ ಅನ್ನಲಿಲ್ಲ, ಹತ್ತು ದಿನ ಬಿಟ್ಟು ಅಂತಿದ್ದೇನೆ.

ಲೈಲ್‌ನನ್ನು ಕೇಳಿದೆ. ಗ್ಯಾರೇಜಿನಲ್ಲಿ ಮಲಗಿ ನನ್ನ ಕಾರಿನ ಎಣ್ಣೆ ಇಳಿಸುತ್ತಿದ್ದ. "ವೇದಿಕೆ ಮೇಲೆ ದೀಪ ಹಾಕ್ತಾರಲ್ಲಮ್ಮ, ನನಗೆ ಆಗಲ್ಲ" ಅಂದ. ಅಷ್ಟೇ. ಹಗಲು ಹೊತ್ತಿನಲ್ಲೂ ಕರಿ ಕನ್ನಡಕ ಹಾಕಿಕೊಂಡು ಓಡಾಡುತ್ತಾನೆ. ಊರಿನವರು ಸಿನಿಮಾ ನಟ ಅಂತ ರೇಗಿಸುತ್ತಾರೆ, ಇವನೂ ಕೈಬೀಸುತ್ತಾನೆ.

ನಾನು ಯಾರ ಪರ ಎಂದು ನೀನು ಕೇಳಬಾರದು, ನಾನು ಹೇಳಬಾರದು. ಜನವರಿಯಲ್ಲಿ ಶಾಲೆಯ ಜಿಮ್ಮಿನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ನಮ್ಮ ವಾರ್ಡಿನ ಸಭೆ, ಕಾಕಸ್, ನಡೆಸುವವಳು ನಾನೇ. ಒಬ್ಬೊಬ್ಬ ಅಭ್ಯರ್ಥಿಯ ಜನ ಒಂದೊಂದು ಮೂಲೆಯಲ್ಲಿ ನಿಲ್ಲುತ್ತಾರೆ, ನಾನು ತಲೆ ಎಣಿಸುತ್ತೇನೆ. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಎಣಿಸಿ ಅಭ್ಯಾಸ ಇದೆಯಲ್ಲ ಎಂದು ನನಗೆ ಗಂಟು ಹಾಕಿದ್ದು, ಹಾಗೇ ಉಳಿದುಬಿಟ್ಟಿದೆ.

ಆದರೆ ತಾಯಿಯಾಗಿ ಒಂದು ಕೇಳಬಹುದು ತಾನೇ? ಮೀಸಲು ಸೇನೆಯ, ಅಂದರೆ ಗಾರ್ಡಿನವರು ಲೈಲ್‌ನ ತುಕಡಿಯನ್ನು ಮತ್ತೆ ಕರೆಯುತ್ತಾರೆ ಎಂದು ಸುದ್ದಿ ಇದೆ. ನಿಮ್ಮ ಸೆನೆಟರು ಎಲ್ಲರೂ ಅಂದರಲ್ಲ, ಎಲ್ಲರೂ ಅಂದರೆ ಎಲ್ಲರೇನಾ? ಎದುರಿಗೆ ನಿಂತು ಕೇಳು. ಕರಪತ್ರ ಓದಿ ಉತ್ತರ ಬರೆಯಬೇಡ.

ಚಳಿ ಶುರುವಾಗಿದೆ. ನಿನ್ನ ದಪ್ಪ ಕೋಟು ಇಲ್ಲೇ ಬಿಟ್ಟಿದ್ದೀಯ.

ಅಮ್ಮ


ಬರ್ಲಿಂಗ್ಟನ್
11 ಅಕ್ಟೋಬರ್ 2007

ಅಮ್ಮಾ,

ಕೇಳಿದೆ! ಎದುರಿಗೆ ನಿಂತೇ ಕೇಳಿದೆ!

ನದಿ ಪಕ್ಕದ ಹೋಟೆಲಿನಲ್ಲಿ ಬೆಳಗಿನ ತಿಂಡಿ ಕಾರ್ಯಕ್ರಮ. ಸೆನೆಟರ್ ಮೊಟ್ಟೆ ತಿನ್ನುತ್ತಿದ್ದರು. ಸುತ್ತ ಕ್ಯಾಮೆರಾಗಳು. ನಾನು ಕಾಫಿ ತಂದುಕೊಡುವ ನೆಪದಲ್ಲಿ ಹೋದೆ. "ಸರ್, ನನ್ನ ಅಣ್ಣ ಗಾರ್ಡಿನಲ್ಲಿದ್ದಾನೆ. ಒಂದು ಸಲ ಹೋಗಿ ಬಂದಿದ್ದಾನೆ. ನೀವು ಎಲ್ಲರೂ ಅಂದ್ರೆ ಎಲ್ಲರೂ ತಾನೇ?" ಅಂದೆ. ಅವರು ಫೋರ್ಕು ಕೆಳಗಿಟ್ಟು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. "ಏನು ನಿಮ್ಮಣ್ಣನ ಹೆಸರು?" "ಲೈಲ್ ಟ್ವೇಟ್." "ನಿಮ್ಮಮ್ಮನಿಗೆ ಹೇಳಿ, ಲೈಲ್ ಮನೆಗೆ ಬರ್ತಾನೆ ಅಂತ ಪೆಲ್ಹಮ್ ಹೇಳಿದ ಅಂತ."

ಹೇಳಿದ್ದೇನೆ, ನೋಡು. ಅವರ ಕಣ್ಣಲ್ಲಿ ನೀರಿತ್ತು. ನಾನು ಹತ್ತಿರದಿಂದ ಕಂಡೆ.

ನಿನ್ನ ಗೆಳೆಯ ಡೆಲ್ಮರ್‌ಗೂ ಇದನ್ನು ಓದಿ ಹೇಳು. ರಾಜಕಾರಣಿಗಳೆಲ್ಲ ಒಂದೇ ಎಂದು ನಗುವವರೇ ಈ ಯುದ್ಧವನ್ನು ಇಷ್ಟು ವರ್ಷ ನಡೆಸಿದ್ದು. ಗುಂಡು ಹಾರಿಸಿದವರಿಗಿಂತ ಹೆಚ್ಚು ಪಾಪ ಭುಜ ಕುಣಿಸಿ ಸುಮ್ಮನಿದ್ದವರದು. ಇದನ್ನು ನಾನೇ ಬರೆದೆ. ಈಗ ಕರಪತ್ರದಲ್ಲಿ ಅಚ್ಚಾಗಿದೆ.

ಸಿಗ್ನಿ


ಬರ್ಲಿಂಗ್ಟನ್
27 ನವೆಂಬರ್ 2007

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೂ ಬರಲಾಗಲಿಲ್ಲ. ಆ ದಿನ ಕಚೇರಿಯಲ್ಲೇ ಟರ್ಕಿ ಮಾಂಸದ ಸ್ಯಾಂಡ್‌ವಿಚ್ ತಿಂದು ಬಾಗಿಲು ತಟ್ಟಲು ಹೋದೆವು. ಒಬ್ಬಾಕೆ ಕೈಗೆ ಒಂದು ತುಂಡು ಕುಂಬಳದ ಪೈ ಕೊಟ್ಟು ಬಾಗಿಲು ಹಾಕಿಕೊಂಡಳು.

ಇದರ ಜೊತೆ ಹೊಸ ಕರಪತ್ರಗಳ ಕಟ್ಟು ಇದೆ. ಕಾಕಸ್ ಅಧ್ಯಕ್ಷೆಯಾದ ನೀನು ಹಂಚಬಾರದು, ಗೊತ್ತು. ಡೆಲ್ಮರ್ ಮನೆಯ ಜಗುಲಿಯಲ್ಲಿಡು, ಬೈದುಕೊಂಡಾದರೂ ಓದುತ್ತಾನೆ. ಇದನ್ನು ಟೈಪ್ ಮಾಡಿದ್ದು ನಾನೇ. ಮಾತುಗಳು ಮೊದಲಿನ ಹಾಗಿಲ್ಲ ಎಂದು ನಿನಗೆ ಅನ್ನಿಸಬಹುದು. ರಾಜಧಾನಿಯಿಂದ ಹೊಸ ಸಲಹೆಗಾರರು ಬಂದಿದ್ದಾರೆ. ಈಗ "ಕಾದಾಡುವ ಎಲ್ಲ ಪಡೆಗಳೂ ಮನೆಗೆ" ಎಂದಿದೆ. "ಪ್ರತಿಯೊಬ್ಬರಿಗೂ ಚಿಕಿತ್ಸೆಯ ಅವಕಾಶ" ಎಂದಿದೆ. ಭದ್ರತೆಯ ಕೆಳಗೆ ಸೇನೆಯನ್ನು ಬಲಪಡಿಸುವ ಮಾತು ಒಂದು ಸಾಲು ಸೇರಿದೆ.

ನನಗೂ ಮೊದಲು ಕಸಿವಿಸಿಯಾಯಿತು. ಆದರೆ ಸುಮ್ಮನೆ ಯೋಚಿಸು: ಯುದ್ಧ ಎಂದರೆ ಕಾದಾಟ. ಕಾದಾಡುವವರು ಮನೆಗೆ ಬಂದರೆ ಯುದ್ಧ ಮುಗಿದಂತೆಯೇ. ಗೆಲ್ಲದವನು ಯಾರನ್ನೂ ಮನೆಗೆ ತರಲಾರ. ಶುದ್ಧವಾಗಿ ಸೋತವರ ಪಟ್ಟಿ ಈ ದೇಶದಲ್ಲಿ ಬಹಳ ಉದ್ದವಿದೆ, ಅವರಿಂದ ಒಬ್ಬ ಸೈನಿಕನೂ ಬದುಕಲಿಲ್ಲ.

ಸೆನೆಟರ್ ಈಗ ಸಮೀಕ್ಷೆಗಳಲ್ಲಿ ಮೂರನೇ ಸ್ಥಾನಕ್ಕೆ ಏರಿದ್ದಾರೆ!

ಸಿಗ್ನಿ


ಹಾಲ್ಸೆತ್
9 ಡಿಸೆಂಬರ್ 2007

ಸಿಗ್ನಿ,

ಕಟ್ಟು ತಲುಪಿತು. ಅಡಿಗೆಮನೆ ಮೇಜಿನ ಮೇಲಿಟ್ಟಿದ್ದೆ, ಲೈಲ್ ಒಂದು ತೆಗೆದು ಓದಿದ. ಓದಿ ನಕ್ಕ. ಬಹಳ ದಿನದ ಮೇಲೆ ಅವನು ಹಾಗೆ ನಕ್ಕಿದ್ದು, ಅದಕ್ಕೇ ನಾನೂ ಮೊದಲು ನಗುತ್ತಾ "ಏನೋ?" ಅಂದೆ.

"ನಾನಿದರಲ್ಲಿ ಇಲ್ಲಮ್ಮ" ಅಂದ. "ನಾನೆಲ್ಲಿ ಕಾದಾಡೋನು? ನಾನು ಡೀಸೆಲ್ ಲಾರಿ ಓಡಿಸೋನು. ಸೇನೆಯ ಕಾಗದದಲ್ಲಿ ನಂದು ಸರಬರಾಜು ಅಂತ ಇದೆ. ಅಡಿಗೆಯವರು, ಮೆಕ್ಯಾನಿಕ್‌ಗಳು, ನಾವು, ಯಾರೂ ಲೆಕ್ಕಕ್ಕಿಲ್ಲ. ಲಾರಿ ಕೆಳಗೆ ಬಾಂಬ್ ಸಿಡಿಯೋವಾಗ ಮಾತ್ರ ಅದು ನೀನು ಯಾವ ಇಲಾಖೆ ಅಂತ ಕೇಳಲ್ಲ."

ನೀನು ಟೈಪ್ ಮಾಡಿದ್ದು ಎಂದು ಅವನಿಗೆ ನಾನು ಹೇಳಿರಲಿಲ್ಲ. ಅವನಿಗೇ ಗೊತ್ತಾಗಿದೆ. "ಅಲ್ಪವಿರಾಮ ನೋಡಮ್ಮ, ಎಲ್ಲಾ ಕಡೆ ಚೆಲ್ಲಿದಾಳೆ" ಅಂದ. ನಿನ್ನ ಅಣ್ಣ ಏನು ಕೆಲಸ ಮಾಡುತ್ತಿದ್ದ ಎಂಬುದು ಟೈಪ್ ಮಾಡುವಾಗ ನಿನಗೆ ನೆನಪಾಗಲಿಲ್ಲವೇ ಮಗಳೇ?

ಈಗ ನಿಜವಾದ ಸುದ್ದಿ. ಸೋಮವಾರ ಆದೇಶ ಬಂತು. ಫೆಬ್ರವರಿಯಲ್ಲಿ ಹೊರಡಬೇಕು. ಅವನ ತಲೆನೋವಿಗೆ ತಜ್ಞರನ್ನು ನೋಡಲು ಮಾರ್ಚ್ ತಿಂಗಳಿಗೆ ದಿನ ಕೊಟ್ಟಿದ್ದಾರೆ. ಯುದ್ಧದಲ್ಲಿ ಫೆಬ್ರವರಿಗೇ ಜಾಗ ಸಿಗುತ್ತದೆ, ವೈದ್ಯರ ಹತ್ತಿರ ಮಾರ್ಚ್‌ಗೆ. ತಪಾಸಣೆಗೆ ಬಂದ ಸೇನೆಯ ವೈದ್ಯ ಕೈಕಾಲು ಆಡಿಸು ಅಂದನಂತೆ, ಇವನು ಆಡಿಸಿದ, ಸರಿ ಇದ್ದೀಯ ಅಂದನಂತೆ.

ಲೈಲ್ ಇದನ್ನು ಯಾರಿಗೂ ಹೇಳಿಲ್ಲ. ತಾನು ಮದುವೆಯಾಗಲಿರುವ ಜನೆಲ್‌ಗೂ ಹೇಳಿಲ್ಲ. ಹಬ್ಬ ಮುಗಿಯಲಿ, ಹೊಸ ವರ್ಷದಲ್ಲಿ ತಾನೇ ಕೂರಿಸಿಕೊಂಡು ಹೇಳುತ್ತೇನೆ ಅಂತಾನೆ. ವಸಂತದಲ್ಲಿ ಮದುವೆ ಎಂದು ಆ ಹುಡುಗಿ ಚರ್ಚಿನ ಹಾಲ್ ಬೇರೆ ಕೇಳಿ ಇಟ್ಟಿದ್ದಾಳೆ. ನೀನೂ ಯಾರ ಹತ್ತಿರವೂ ಬಾಯಿ ಬಿಡಬೇಡ.

ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಮಾಡಿ ಕಳಿಸುತ್ತೇನೆ. ಬೆಣ್ಣೆ ಸಕ್ಕರೆ ನೀನೇ ಹಚ್ಚಿಕೋ.

ಅಮ್ಮ


ಬರ್ಲಿಂಗ್ಟನ್
22 ಡಿಸೆಂಬರ್ 2007

ಅಮ್ಮಾ,

ನಿನ್ನ ಕಾಗದ ಓದಿದ ದಿನ ನಾನು ಬೂಟಿನಂಗಡಿಯ ಹಿಂದಿನ ಕೋಣೆಯಲ್ಲಿ ಕೂತವಳು ಏಳಲೇ ಇಲ್ಲ. ಮಾರನೇ ದಿನ ಸೆನೆಟರ್ ಬಂದಿದ್ದರು. ಬಸ್ಸು ಹತ್ತುವ ಮೊದಲೇ ಹಿಡಿದೆ.

"ಸರ್, ನಾನು ಲೈಲ್ ಟ್ವೇಟ್‌ನ ತಂಗಿ."

"ಓಹ್, ಲೈಲ್! ಹೇಗಿದಾನೆ ಲೈಲ್?" ಅಂದರು. ನೆನಪಿಲ್ಲ, ಅಮ್ಮಾ. ಕಣ್ಣುಗಳು ಮಾತ್ರ ಅವತ್ತಿನ ಹಾಗೇ ಒದ್ದೆ. ಚಳಿಗೆ ಎಲ್ಲರ ಕಣ್ಣೂ ಒದ್ದೆಯಾಗುತ್ತವೆ ಎಂದು ನನಗೆ ಹೊಳೆದದ್ದು ಆಗಲೇ. ಆದರೆ ಅಕ್ಟೋಬರಿನಲ್ಲಿ ಆ ಹೋಟೆಲಿನೊಳಗೆ ಚಳಿ ಇರಲಿಲ್ಲ, ಈರುಳ್ಳಿ ಹುರಿಯುತ್ತಿದ್ದರು.

"ಲಾರಿ ಓಡಿಸೋರು ಕಾದಾಡುವ ಪಡೆಗೆ ಸೇರ್ತಾರಾ ಸರ್?" ಅಂದೆ. ಅವರು ಸಲಹೆಗಾರನ ಮುಖ ನೋಡಿದರು. ಅವನು, "ಅಲ್ಲಿ ಸ್ವಲ್ಪ ಜನ ಉಳಿಯಲೇಬೇಕಾಗುತ್ತೆ. ತರಬೇತಿ, ಸರಬರಾಜು, ಹೀಗೆ. ಮೊದಲು ಗೆಲ್ಲೋಣ ತಂಗೀ" ಅಂದ. ಬಾಗಿಲು ಮುಚ್ಚಿತು. ಬಸ್ಸಿನ ಮೇಲೆ ಅಂಟಿಸಿದ್ದ ಅವರ ಮುಖದ ಹಲ್ಲೊಂದರ ಮೇಲೆ ಕೆಸರು ಸಿಡಿದಿತ್ತು. ಖುಷಿಯಾಯಿತು.

ನಾನು ಮೂರ್ಖಳು ಎಂದು ನೀನು ಬರೆಯಲಿಲ್ಲ. ಬರೆದಿದ್ದರೆ ಚೆನ್ನಾಗಿತ್ತು.

ನಾನು ರಾಜೀನಾಮೆ ಕೊಡುವುದಿಲ್ಲ. ಕೊಟ್ಟರೆ ಇನ್ನೊಬ್ಬಳು ಬಂದು ಅದನ್ನೇ ಟೈಪ್ ಮಾಡುತ್ತಾಳೆ. ಕಾಕಸ್ ದಿನ ನಮ್ಮೂರಿನ ಪೆಲ್ಹಮ್ ಗುಂಪಿನ ಪರವಾಗಿ ಮಾತಾಡಲು ನನ್ನ ಹೆಸರನ್ನೇ ಹಾಕಿದ್ದಾರೆ. ಬರುತ್ತೇನೆ. ಬಂದು ಸತ್ಯ ಹೇಳುತ್ತೇನೆ.

ಸಿಗ್ನಿ


ಹಾಲ್ಸೆತ್
6 ಜನವರಿ 2008

ಸಿಗ್ನಿ,

ಜಿಮ್ಮಿನ ಬಾಗಿಲನ್ನು ಧಡಾರಂತ ಹಾಕಿಕೊಂಡು ಹೋದೆ. ಮನೆಗೂ ಬರಲಿಲ್ಲ. ನೀನು ಹೋದ ಮೇಲೆ ಆದದ್ದು ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಎಣಿಕೆಯಲ್ಲಿ ಪೆಲ್ಹಮ್ ಮೂಲೆಯಲ್ಲಿ ಹದಿನಾರು ತಲೆ, ಗುಂಪು ಉಳಿಯಲು ಬೇಕಿದ್ದದ್ದು ಹದಿನೆಂಟು. ಇಬ್ಬರು ಸಾಕಿತ್ತು. ಗುಂಪು ಮುರಿದ ಇನ್ನೊಂದು ಮೂಲೆಯವರು ಎತ್ತ ಹೋಗೋಣ ಎಂದು ನೋಡುತ್ತಾ ಕಾಫಿ ಪಾತ್ರೆಯ ಹತ್ತಿರ ನಿಂತಿದ್ದರು. ಡೆಲ್ಮರ್ ನಿನ್ನ ಬಳಿ ಬರಲಿಕ್ಕೇ ಹೊರಟಿದ್ದ, ನನಗೆ ಅವನ ನಡಿಗೆ ಗೊತ್ತು. "ನಾನು ಹಂದಿ ಮಾರೋನಮ್ಮ, ಮಾತು ಮಾರೋರನ್ನ ದೂರದಿಂದಲೇ ಗುರುತು ಹಿಡೀತೀನಿ. ನೀನು ಹೇಳು, ಈ ಮನುಷ್ಯ ನಮ್ಮ ಲೈಲ್‌ಗೆ ಮನೇಲಿ ಇರೋಕೆ ಬಿಡ್ತಾನಾ?" ಎಂದು ನಿನ್ನನ್ನೇ ಕೇಳಿದ.

ನೀನು ಕುರ್ಚಿ ಹತ್ತಿದೆ. ಇಲ್ಲ, ಬಿಡುವುದಿಲ್ಲ ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ನನ್ನಣ್ಣನಿಗೆ ಆದೇಶ ಬಂದಿದೆ, ಫೆಬ್ರವರಿಯಲ್ಲಿ ಮತ್ತೆ ಹೋಗ್ತಿದಾನೆ, ಈ ಮನುಷ್ಯನ ಲೆಕ್ಕದಲ್ಲಿ ಅವನು ಸೈನಿಕನೇ ಅಲ್ಲ" ಅಂತ ಕೂಗಿದೆ. ಜಿಮ್ಮಿನಲ್ಲಿ ಚೆಂಡು ಬಿದ್ದರೂ ಮಾರ್ದನಿಸುತ್ತದೆ. ನಿನ್ನ ಮಾತು ಎರಡೆರಡು ಸಲ ಕೇಳಿಸಿತು.

ಜನೆಲ್ ನಿನ್ನ ಹಿಂದೆಯೇ ನಿಂತಿದ್ದಳು. ನಿನಗಾಗಿ ಆ ಮೂಲೆಗೆ ಬಂದವಳು.

ನೀನು ಹೋದ ಮೇಲೆ ಅವಳೂ ನಿಲ್ಲಲಿಲ್ಲ. ಕೋಟು ಹಾಕಿಕೊಂಡು ಹೊರಗೆ ಹೋದಳು. ಉಳಿದವರು ಒಬ್ಬೊಬ್ಬರೇ ನೆಲ ನೋಡುತ್ತಾ ಬೇರೆ ಮೂಲೆಗಳಿಗೆ ಹಂಚಿಹೋದರು. ಡೆಲ್ಮರ್ ಯಾವ ಮೂಲೆಗೂ ಹೋಗದೆ ನಿಂಬೆಯ ಸಿಹಿತಿಂಡಿಯ ತಟ್ಟೆ ಎತ್ತಿಕೊಂಡು ಎಲ್ಲರ ಮುಂದೆ ಹಿಡಿಯುತ್ತಾ ತಿರುಗಿದ. ಏನು ಮಾಡಬೇಕೋ ಪಾಪ ಅವನಿಗೆ ಗೊತ್ತಾಗಲಿಲ್ಲ.

ಲೈಲ್ ಮಾತ್ರ ಅಲ್ಲೇ ನಿಂತಿದ್ದ. ಪೆಲ್ಹಮ್ ಮೂಲೆಯಲ್ಲಿ. ಕರಿ ಕನ್ನಡಕ ಹಾಕಿಕೊಂಡು, ಒಬ್ಬನೇ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಿಯಮ ಹೇಳಬೇಕಾದವಳು ನಾನು. ಹತ್ತಿರ ಹೋಗಿ ಹೇಳಿದೆ, "ಒಬ್ಬರು ಗುಂಪಾಗೋದಿಲ್ಲ ಕಣೋ. ಬೇರೆ ಕಡೆ ಹೋಗಬೇಕು, ಇಲ್ಲ ಮನೆಗೆ ಹೋಗಬೇಕು."

"ಗೊತ್ತು, ಅಧ್ಯಕ್ಷರೇ. ನೀವು ಎಣಿಸಿ" ಅಂದ.

ಎಣಿಸಿದೆ. ಪೆಲ್ಹಮ್, ಒಂದು. ಗಟ್ಟಿಯಾಗಿ ಹೇಳಬೇಕು ಎಂದು ನಿಯಮ, ಹೇಳಿದೆ. ಆಮೇಲೆ ಆ ಹೆಸರನ್ನು ಕಪ್ಪು ಹಲಗೆಯಿಂದ ಒರೆಸಿದೆ.

ನಿಮ್ಮ ಸೆನೆಟರು ರಾಜ್ಯದಲ್ಲಿ ಐದನೆಯವರಾಗಿ ಸೋತು, ಬೆಳಗಾಗುವುದರೊಳಗೆ ಕಣದಿಂದ ಹೊರಬಂದರಂತೆ. ರೇಡಿಯೋದಲ್ಲಿ ಕೇಳಿದೆ. ನಮ್ಮೂರಿನ ಇಬ್ಬರಿಂದ ಅವರಿಗೆ ಆಗುವುದೂ ಇರಲಿಲ್ಲ, ಹೋಗುವುದೂ ಇರಲಿಲ್ಲ.

ಆರ್ಡಿಸ್ ಟ್ವೇಟ್


ಡಿ ಮೋಯ್ನ್
15 ಜನವರಿ 2008

ಲೈಲ್,

ಅಮ್ಮ ತನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದಾಳೆ, ತೆರಿಗೆ ಇಲಾಖೆಗೆ ಬರೆದ ಹಾಗೆ. ಇರಲಿ.

ಜನೆಲ್ ವಿಷಯಕ್ಕೆ ಅವಳಿಗೆ ಬೇರೆ ಬರೆದಿದ್ದೇನೆ. ಉತ್ತರ ಬಂದಿಲ್ಲ. ನಿನ್ನನ್ನು ಕೇಳಬೇಕಾದದ್ದು ಒಂದೇ. ನೀನು ಅಲ್ಲೇ ನಿಂತದ್ದು ಯಾಕೆ?

ನಾನು ಇಡೀ ಊರಿನ ಎದುರು ನಿನ್ನ ಪರವಾಗಿ ಮಾತಾಡಿದೆ. ನಿನ್ನನ್ನು ಮನುಷ್ಯನೆಂದು ಲೆಕ್ಕಕ್ಕೇ ಹಿಡಿಯದವನ ಮೂಲೆಯಲ್ಲಿ ನೀನು ಕಂಬದ ಹಾಗೆ ನಿಂತೆ. ನನ್ನನ್ನು ಸುಳ್ಳುಗಾರ್ತಿ ಮಾಡಿದೆ. ಹೀಗೆ ಬಗ್ಗಿ ನಿಲ್ಲುವವರಿಂದಲೇ ಅವರು ಪ್ರತಿ ಸಲ ಒಂದೊಂದು ಪದ ಬದಲಾಯಿಸಿ ತಪ್ಪಿಸಿಕೊಳ್ಳುವುದು. ಅರ್ಧ ಕೊಟ್ಟವನ ಕೈಗೆ ಮುತ್ತಿಟ್ಟರೆ ಉಳಿದರ್ಧ ಯಾವತ್ತೂ ಬರುವುದಿಲ್ಲ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸು.

ಈಗ ಇಲ್ಲಿ ಯುದ್ಧ ವಿರೋಧಿ ಗೆಳೆಯರ ಜೊತೆ ಇದ್ದೇನೆ. ಯಾವ ಅಭ್ಯರ್ಥಿಯೂ ಬೇಡ ಅನ್ನುವವರು. ನಿನ್ನ ಕಥೆ ಕೇಳಿ ಇವರು ಒಂದು ಕರಪತ್ರ ತರುತ್ತೇವೆ ಅಂತಿದ್ದಾರೆ. ನಿನ್ನದೊಂದು ಫೋಟೋ ಬೇಕು. ಆ ಕನ್ನಡಕ ಹಾಕಿಕೊಂಡದ್ದು.

ಸಿಗ್ನಿ


ತರಬೇತಿ ಶಿಬಿರ
19 ಫೆಬ್ರವರಿ 2008

ಸಿಗ್ನಿ,

ನನಗೆ ಹೆಚ್ಚು ಹೊತ್ತು ಅಕ್ಷರ ನೋಡಲಾಗುವುದಿಲ್ಲ, ಅದಕ್ಕೆ ಮೂರು ದಿನ ತೆಗೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾಳೆ ವಿಮಾನ.

ನೀನು ಒಂದಕ್ಷರವೂ ಸುಳ್ಳು ಹೇಳಲಿಲ್ಲ.

ಯಾಕೆ ನಿಂತೆ ಎಂದು ಕೇಳಿದ್ದೀಯ. ಹೋದ ಸಲ ನನ್ನ ಲಾರಿಯ ಮುಂದೆ ಬಂದೂಕಿನ ಗಾಡಿಯಲ್ಲಿ ಇಬ್ಬರು ಹುಡುಗರು ಹೋಗುತ್ತಿದ್ದರು. ಒಬ್ಬ ನೆಬ್ರಾಸ್ಕಾದವನು, ಯಾವಾಗಲೂ ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ. ಇನ್ನೊಬ್ಬ ಹಾಡುತ್ತಿದ್ದ, ಕೆಟ್ಟದಾಗಿ. ಅವರು ಕಾದಾಡುವ ಪಡೆ. ಪೆಲ್ಹಮ್ ಗೆದ್ದು ಹೇಳಿದಂತೆ ನಡೆದಿದ್ದರೆ ಅವರು ಮನೆಗೆ ಹೋಗುತ್ತಿದ್ದರು. ಅವರೆಲ್ಲ ಮನೆಗೆ ಹೋದರೆ ನಾನು ಡೀಸೆಲ್ ಯಾರಿಗೆ ಹೊರಲಿ? ಒಂದು ತಿಂಗಳೋ ಎರಡು ತಿಂಗಳೋ, ನಾನೂ ಹಿಂದೆಯೇ ಬರುತ್ತಿದ್ದೆ. ಹಾಗಂತ ನಾನು ಲೆಕ್ಕ ಹಾಕಿದ್ದೆ. ಅವನು ಸುಳ್ಳನಿರಬಹುದು. ನಿನ್ನ ಮೂಲೆಯಲ್ಲಿ ನಿಂತಿದ್ದ ಹದಿನಾರು ಜನರಲ್ಲಿ ಅವನನ್ನು ನಂಬದೆ ನಿಂತವನು ನಾನೊಬ್ಬನೇ ಇರಬೇಕು. ನಂಬುವುದು ನಿನ್ನ ಕೆಲಸ. ನನಗೆ ಆ ಇಬ್ಬರು ಮನೆಗೆ ಹೋದರೆ ಸಾಕಿತ್ತು.

ನೀನು ಕುರ್ಚಿ ಹತ್ತಿದಾಗ ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ಬೇಡ ಎಂದು ತಲೆಯಾಡಿಸುತ್ತಿದ್ದೆ.

ಜನೆಲ್ ಹಾಲ್ ಬುಕಿಂಗ್ ಬಿಟ್ಟುಕೊಟ್ಟಳು. ಸಿಟ್ಟೇನಿಲ್ಲ ಎಂದಳು. ಎಲ್ಲರಿಗಿಂತ ಕೊನೆಗೆ ತನಗೆ ಗೊತ್ತಾಯಿತಲ್ಲ ಎಂಬುದೊಂದೇ ದುಃಖ, ಅದನ್ನು ಮರೆಯಲಾಗದು ಎಂದಳು. ಕಾಕಸ್‌ನ ಹಿಂದಿನ ದಿನ, ಜನವರಿ ಎರಡಕ್ಕೇ ನಾನು ಹೇಳಬೇಕಿತ್ತು. ಅವಳ ಅಜ್ಜಿಗೆ ಹುಷಾರಿರಲಿಲ್ಲ, ಎರಡು ದಿನ ತಡೆಯೋಣ ಅಂದುಕೊಂಡೆ.

ಫೋಟೋ ಕಳಿಸುವುದಿಲ್ಲ. ಅಮ್ಮನ ಹತ್ತಿರ ಇರುವುದನ್ನೂ ಕೊಡಬೇಡ ಎಂದು ಅವಳಿಗೆ ಹೇಳಿದ್ದೇನೆ. ಪೆಲ್ಹಮ್‌ನ ಕರಪತ್ರದಲ್ಲಿ ನಾನು ಇರಲಿಲ್ಲ, ನಿನ್ನ ಕರಪತ್ರದಲ್ಲಿ ನಾನೇ ಇದ್ದೇನೆ. ಯಾವುದು ವಾಸಿ ಎಂದು ಇಲ್ಲಿ ಮಂಚದ ಮೇಲೆ ಮಲಗಿ ಯೋಚಿಸಿದೆ. ಮೊದಲನೆಯದೇ ವಾಸಿ.

ಹೋರಾಟ ಬಿಡು ಎಂದು ಹೇಳುತ್ತಿಲ್ಲ. ಮಾಡು, ನಿನಗೆ ಅದು ಚೆನ್ನಾಗಿ ಬರುತ್ತದೆ. ನನ್ನ ಹೆಸರಿಲ್ಲದೆ ಮಾಡು. ನಾನು ಶವಪೆಟ್ಟಿಗೆಯಲ್ಲಿ ಬಂದರೆ, ಅವತ್ತು ಕೂಡ ನನ್ನ ಪರವಾಗಿ ಮಾತಾಡಬೇಡ. ಎಲ್ಲರ ಜೊತೆ ಚರ್ಚಿನ ಬೆಂಚಿನ ಮೇಲೆ ಕೂತಿರು.

ಲೈಲ್